‘ಬ್ರಿಟಿಷ್ ಆಳ್ವಿಕೆ ವರವೋ ಶಾಪವೋ’: ತರಗತಿಯಲ್ಲಿ ಎದ್ದ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ಗದಗ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಹತ್ತನೇ ತರಗತಿಗೆ ‘ಬ್ರಿಟಿಷ್ ಆಳ್ವಿಕೆ ವರವೋ ಶಾಪವೋ’ ಎಂದು ಚರ್ಚಾ ಸ್ಪರ್ಧೆ ಇಟ್ಟಿದ್ದೆ. ಒಬ್ಬ ಹುಡುಗ, ‘ರೈಲು, ಅಂಚೆ, ಕೋರ್ಟು ಎಲ್ಲ ಕೊಟ್ಟವರು ಅವರೇ, ಅವರು ಬರದಿದ್ದರೆ ನಾವಿನ್ನೂ ಚಕ್ಕಡಿಯಲ್ಲೇ ಓಡಾಡುತ್ತಿದ್ದೆವು’ ಅಂದ. ಒಬ್ಬಳು ವಾಟ್ಸ್‌ಆ್ಯಪ್‌ನಲ್ಲಿ ಬಂದ ‘45 ಟ್ರಿಲಿಯನ್ ಡಾಲರ್ ಲೂಟಿ’, ‘ನೇಕಾರರ ಹೆಬ್ಬೆರಳು ಕತ್ತರಿಸಿದರು’ ಎಂಬ ಸಂದೇಶ ಓದಿದಳು. ದಲಿತ ಕುಟುಂಬದ ಹುಡುಗಿಯೊಬ್ಬಳು ಎದ್ದು, ‘ಬ್ರಿಟಿಷರು ಬಂದಿದ್ದಕ್ಕೇ ನಮ್ಮವರಿಗೆ ಶಾಲೆಯ ಬಾಗಿಲು ತೆರೆಯಿತು ಅಂತ ನಮ್ಮಪ್ಪ ಹೇಳುತ್ತಾರೆ’ ಅಂದಾಗ ತೀರ್ಪು ಕೊಡಬೇಕಾಗಿದ್ದ ನನಗೇ ಮಾತು ಹೊರಡಲಿಲ್ಲ. ಸಮುದ್ರ ದಾಟಿ ಬಂದು ಬೇರೆಯವರ ನಾಡನ್ನು ಆಳುವ ಹಂಬಲ ಒಂದು ದೇಶಕ್ಕೆ ಯಾಕೆ ಹುಟ್ಟುತ್ತದೆ? ಆಳಿಸಿಕೊಂಡವರಿಗೆ ನಿಜವಾಗಿ ಆದದ್ದೇನು? ಮುಂದಿನ ವರ್ಷ ಈ ಪಾಠವನ್ನು ಹೇಗೆ ಮಾಡಲಿ?

ಉತ್ತರ: ನಿಮ್ಮ ಆತಂಕದಲ್ಲಿ ಎರಡು ಎಳೆ ಇದೆ ಅನ್ನಿಸಿತು. ಸತ್ಯ ಯಾವುದು ಅನ್ನುವುದು ಒಂದು. ಆ ಮಕ್ಕಳಲ್ಲಿ ಯಾರ ಬಾಯನ್ನೂ ಮುಚ್ಚಿಸದೆ ಅದನ್ನು ಹೇಳುವುದು ಹೇಗೆ ಅನ್ನುವುದು ಇನ್ನೊಂದು. ಆರ್ಥಿಕ ಇತಿಹಾಸ ಕಲಿಸಿದ ನನಗೆ ಈ ಮಾತುಗಳನ್ನಾಡುವ ವಿದ್ಯಾರ್ಥಿಗಳು ಮತ್ತೆ ಮತ್ತೆ ಸಿಕ್ಕಿದ್ದಾರೆ. ಒಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. ತೊಡಕಿರುವುದು ‘ವರವೋ ಶಾಪವೋ’ ಎಂಬ ಪ್ರಶ್ನೆಯಲ್ಲೇ. ಹಾಗೆ ಕೇಳಿದ ಕೂಡಲೇ ಕೊಡುವವರು ಅವರು, ಪಡೆಯುವವರು ನಾವು ಎಂದಾಗಿಬಿಡುತ್ತದೆ. ರೈಲೋ ಬರವೋ ಶಾಲೆಯೋ, ಯಾವುದನ್ನೇ ನೋಡುವಾಗಲೂ ನಾನು ಬೇರೆ ಪ್ರಶ್ನೆಗಳನ್ನು ಕೇಳುತ್ತೇನೆ: ತೀರ್ಮಾನ ಮಾಡಿದವರು ಯಾರು, ದುಡ್ಡು ಯಾರದು, ಬೇಡ ಅನ್ನುವ ಅಧಿಕಾರ ಯಾರಿಗಿತ್ತು?

ಮೊದಲು ‘ಯಾಕೆ’ ಅನ್ನುವುದನ್ನು ನೋಡೋಣ. ಇಂಗ್ಲೆಂಡ್ ಒಂದು ದಿನ ಕುಳಿತು ಭಾರತವನ್ನು ಆಳಬೇಕೆಂದು ನಿರ್ಧರಿಸಿತು ಎಂಬ ಚಿತ್ರ ನಮ್ಮಲ್ಲಿ ಅನೇಕರ ತಲೆಯಲ್ಲಿದೆ. ಹಾಗೇನೂ ನಡೆಯಲಿಲ್ಲ. 1600ರ ಡಿಸೆಂಬರ್ 31ರಂದು ರಾಣಿ ಎಲಿಜಬೆತ್ ಲಂಡನ್ನಿನ ವ್ಯಾಪಾರಿಗಳ ಕೂಟವೊಂದಕ್ಕೆ, ಅಂದರೆ ಈಸ್ಟ್ ಇಂಡಿಯಾ ಕಂಪನಿಗೆ, ಸನದು ಕೊಟ್ಟಳು. 1602ರಲ್ಲಿ ಡಚ್ಚರೂ ತಮ್ಮ ಕಂಪನಿ ಕಟ್ಟಿಕೊಂಡರು. ಅವರಿಗೆ ಬೇಕಾಗಿದ್ದದ್ದು ಮೆಣಸು, ಲವಂಗ, ಜಾಯಿಕಾಯಿ. ಅಷ್ಟರಲ್ಲಿ ನಮ್ಮ ಕರಾವಳಿಗೆ ಈ ಬಗೆಯ ವ್ಯಾಪಾರದ ಬಿಸಿ ತಟ್ಟಿ ನೂರು ವರ್ಷವಾಗಿತ್ತು. ತಮ್ಮ ರಹದಾರಿ ಇಲ್ಲದ ಹಡಗನ್ನು ಪೋರ್ಚುಗೀಸರು ಕಡಲಲ್ಲೇ ಹಿಡಿಯುತ್ತಿದ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿ, ಉಳ್ಳಾಲದ ಅಬ್ಬಕ್ಕ ಎದುರಿಸಿದ್ದು ಇವರನ್ನೇ, ಅಂದರೆ ತೋಪು ಇಟ್ಟುಕೊಂಡು ಬಂದ ವ್ಯಾಪಾರಿಯನ್ನು.

ದೂರದ ಮಾಲಿನಲ್ಲಿ ದೊಡ್ಡ ಲಾಭ ಬರಬೇಕಾದರೆ ಕೊಳ್ಳುವ ಕಡೆ ಬೆಲೆ ಇಳಿದಿರಬೇಕು, ಮಾರುವ ಕಡೆ ಏರಿರಬೇಕು. ಪೈಪೋಟಿಯವರು ಇಲ್ಲದಿದ್ದರೆ ಮಾತ್ರ ಇದು ಸಾಧ್ಯ. ಇಂದಿನ ಇಂಡೊನೇಷ್ಯಾದ ಬಾಂಡಾ ದ್ವೀಪಗಳನ್ನು ನೋಡಿ. ಆಗ ಜಗತ್ತಿಗೆ ಜಾಯಿಕಾಯಿ ಬರುತ್ತಿದ್ದದ್ದು ಅಲ್ಲಿಂದಲೇ. ತಮಗೊಬ್ಬರಿಗೇ ಮಾರಬೇಕು ಎಂಬ ಡಚ್ಚರ ಕರಾರಿಗೆ ದ್ವೀಪದವರು ಬಗ್ಗಲಿಲ್ಲ. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ಪಡೆ ತಂದು ದ್ವೀಪಗಳನ್ನು ಹಿಡಿದ. ಸುಮಾರು 15,000 ಜನರಿದ್ದ ನೆಲದಲ್ಲಿ ಉಳಿದವರು ಸಾವಿರದ ಆಸುಪಾಸು ಎಂದು ಅಂದಾಜು. ಮಿಕ್ಕವರು ಕೊಲೆಯಾದರು, ಹಸಿವಿನಿಂದ ಸತ್ತರು, ಓಡಿಹೋದರು, ಗುಲಾಮರಾಗಿ ಸಾಗಿಸಲ್ಪಟ್ಟರು. ತೋಟದ ಕೆಲಸಕ್ಕೆ ಬೇರೆ ಕಡೆಯಿಂದ ಗುಲಾಮರನ್ನು ತಂದರು. ಇದನ್ನು ಒಬ್ಬ ಕ್ರೂರಿಯ ಹುಚ್ಚು ಎಂದು ಬಿಟ್ಟುಬಿಡಬೇಡಿ. ಅದರ ಹಿಂದಿದ್ದದ್ದು ಬೆಲೆಯ ಲೆಕ್ಕ, ಆಮ್‌ಸ್ಟರ್‌ಡ್ಯಾಮಿನಲ್ಲಿ ಪಾಲುದಾರರು ಕಾಯುತ್ತಿದ್ದ ಲಾಭಾಂಶ.

ಬಂಗಾಳದಲ್ಲೂ ಇದೇ ತರ್ಕ ಬೇರೆ ರೂಪದಲ್ಲಿ ಕೆಲಸ ಮಾಡಿತು. ಯುರೋಪಿನ ಸರಕಿಗೆ ಇಲ್ಲಿ ಗಿರಾಕಿ ಕಡಿಮೆ, ಹಾಗಾಗಿ ಇಲ್ಲಿಯ ಬಟ್ಟೆಗೆ ಕಂಪನಿ ಬೆಳ್ಳಿ ತೆರಬೇಕಿತ್ತು. 1765ರಲ್ಲಿ ದಿವಾನಿ, ಅಂದರೆ ಕಂದಾಯ ಎತ್ತುವ ಹಕ್ಕು ಸಿಕ್ಕ ಮೇಲೆ ಆ ಖರ್ಚು ಉಳಿಯಿತು. ನೇಕಾರನ ಊರಿನಲ್ಲಿ ಎತ್ತಿದ ಕಂದಾಯದಿಂದಲೇ ನೇಕಾರನ ಬಟ್ಟೆ ಕೊಂಡು ಹಡಗಿಗೆ ಹಾಕಿದರು. 1770ರ ಕ್ಷಾಮದಲ್ಲಿ ಬಂಗಾಳದ ಮೂರರಲ್ಲೊಂದು ಭಾಗ ಜನ ಸತ್ತಿರಬಹುದೆಂದು ಅಂದಾಜು ಮಾಡಿದವನು ವಾರನ್ ಹೇಸ್ಟಿಂಗ್ಸ್, ಕಂಪನಿಯವನೇ.

ಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಸಂಗತಿ ಇದೆ. 1784ರಲ್ಲಿ ಬ್ರಿಟಿಷ್ ಸಂಸತ್ತೇ ಕಾನೂನು ಮಾಡಿ, ಭಾರತದಲ್ಲಿ ರಾಜ್ಯ ವಿಸ್ತರಿಸುವುದು ತಮ್ಮ ದೇಶದ ಇಚ್ಛೆಗೂ ಮರ್ಯಾದೆಗೂ ವಿರುದ್ಧ ಎಂದು ಬರೆದಿಟ್ಟಿತು. ಹದಿನೈದೇ ವರ್ಷಕ್ಕೆ, 1799ರ ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು. ಫ್ರೆಂಚರ ಭಯ ಒಂದು ಕಾರಣ. ಕೋಟೆ ಬಿದ್ದರೆ ಸಿಪಾಯಿಯಿಂದ ಸೇನಾಪತಿಯವರೆಗೆ ಹಂಚಿಕೆಯಾಗುವ ಕೊಳ್ಳೆಯ ಆಸೆ ಇನ್ನೊಂದು. ಎಲ್ಲಕ್ಕಿಂತ ಆಳದ ಕಾರಣ ಸೈನ್ಯದ ಖರ್ಚು. ಸೈನ್ಯ ಸಾಕಲು ಕಂದಾಯ ಬೇಕು, ಕಂದಾಯಕ್ಕೆ ನೆಲ ಬೇಕು, ನೆಲ ಕಾಯಲು ಇನ್ನಷ್ಟು ಸೈನ್ಯ ಬೇಕು. ಗೆದ್ದ ಮೇಲೆ ಕಂಪನಿ ತನಗೆ ಬೇಕಾದ ಕೆನರಾ, ಕೊಯಮತ್ತೂರು, ವಯನಾಡುಗಳನ್ನು ಇಟ್ಟುಕೊಂಡಿತು. ಐದು ವರ್ಷದ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೇರಿಸಿ, ಸೈನ್ಯದ ಖರ್ಚೆಂದು ಮೈಸೂರಿನ ಮೇಲೆ ವರ್ಷಕ್ಕೆ 7 ಲಕ್ಷ ವರಹ, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿ ಪೊಗದಿ ಹೊರಿಸಿತು. ಆ ಕಂತು ಕಟ್ಟುವ ಒತ್ತಡ, ಕಂದಾಯವನ್ನು ಗುತ್ತಿಗೆಗೆ ಬಿಟ್ಟ ಶರತ್ತು ಪದ್ಧತಿ, ಅಮಲ್ದಾರರ ಸುಲಿಗೆ ಎಲ್ಲ ಸೇರಿ 1830ರಲ್ಲಿ ಶಿವಮೊಗ್ಗದ ಕಡೆಯ ನಗರ ಸೀಮೆಯ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಸಂಸ್ಥಾನದ ಆಡಳಿತವನ್ನೇ ಕಂಪನಿ ಕಿತ್ತುಕೊಂಡಿತು. ಹೊರೆ ಹೊರಿಸಿದವರೇ, ಹೊರೆ ತಾಳದೆ ಕುಸಿದವನ ಮನೆ ವಹಿಸಿಕೊಂಡರು.

ಪಠ್ಯಪುಸ್ತಕದಲ್ಲಿ ವ್ಯಾಪಾರ, ಕಚ್ಚಾಮಾಲು, ಮಾರುಕಟ್ಟೆ, ಪ್ರತಿಷ್ಠೆ, ಧರ್ಮಪ್ರಚಾರ ಎಂದು ಕಾರಣಗಳನ್ನು ಪಟ್ಟಿ ಮಾಡಿರುತ್ತಾರೆ. ಅವೆಲ್ಲ ಒಂದೇ ಕಾಲದಲ್ಲಿ ಒಂದೇ ತೂಕದಲ್ಲಿ ಇರಲಿಲ್ಲ. ಮೆಣಸಿನ ಆಸೆ ಬಟ್ಟೆಗೆ ತಿರುಗಿತು, ಬಟ್ಟೆಯದು ಕಂದಾಯಕ್ಕೆ, ಕಂದಾಯದ್ದು ಹತ್ತಿಗೆ. ಒಂದು ಆಸೆ ತೀರುವ ಹೊತ್ತಿಗೆ ಮುಂದಿನದು ತಯಾರಿರುತ್ತಿತ್ತು. ‘ನಮ್ಮಲ್ಲಿ ಒಗ್ಗಟ್ಟಿರಲಿಲ್ಲ, ಅದಕ್ಕೇ ಸೋತೆವು’ ಎಂಬ ಮಾತನ್ನೂ ನಾನು ಒಪ್ಪುವುದಿಲ್ಲ. 1799ರಲ್ಲಿ ಕಂಪನಿಯ ಜೊತೆ ನಿಜಾಮನ ಸೈನ್ಯವಿತ್ತು, ಕಂಪನಿಯ ಸಿಪಾಯಿಗಳಲ್ಲಿ ಬಹುಪಾಲು ಈ ನೆಲದವರು, ಸಾಲ ಕೊಟ್ಟವರಲ್ಲಿ ಈ ನೆಲದ ಸಾಹುಕಾರರಿದ್ದರು. ಅವರ ಮನಸ್ಸಿನಲ್ಲಿ ‘ನಾವೆಲ್ಲ ಭಾರತೀಯರು’ ಎಂಬ ಭಾವನೆ ಇನ್ನೂ ಮೂಡಿರಲೇ ಇಲ್ಲ. ಇಲ್ಲದ ಒಗ್ಗಟ್ಟನ್ನು ಮುರಿದರೆಂದು ಅವರನ್ನು ಬೈಯುವುದು ಇತಿಹಾಸವಲ್ಲ.

ಆಳಿಸಿಕೊಂಡವರಿಗೆ ಏನಾಯಿತು ಎಂಬುದಕ್ಕೆ ನಿಮ್ಮ ಮಕ್ಕಳು ದಿನವೂ ನೋಡುವ ಎರೆಹೊಲಕ್ಕಿಂತ ಒಳ್ಳೆಯ ಪುಸ್ತಕ ಬೇಕಿಲ್ಲ. ಗದಗ ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ನಮ್ಮ ಜವಾರಿ ಹತ್ತಿ ಕುಮಟಾ ಬಂದರಿನಿಂದ ಹಡಗೇರುತ್ತಿದ್ದರಿಂದ ಪೇಟೆಯಲ್ಲಿ ಅದಕ್ಕೆ ‘ಕುಮಟಾ ಹತ್ತಿ’ ಎಂದೇ ಹೆಸರು. ಅದರ ಎಳೆ ಗಿಡ್ಡ. ಲ್ಯಾಂಕಾಷೈರಿನ ಗಿರಣಿಗಳಿಗೆ ಬೇಕಾಗಿದ್ದದ್ದು ಅಮೆರಿಕದ ಉದ್ದ ಎಳೆ. 1840ರ ದಶಕದಲ್ಲಿ ಕಂಪನಿ ಅಮೆರಿಕದಿಂದ ತೋಟಗಾರರನ್ನೇ ಕರೆಸಿ, ಹುಬ್ಬಳ್ಳಿ ಪಕ್ಕದ ಕುಸುಗಲ್ಲಿನಲ್ಲಿ ನ್ಯೂ ಆರ್ಲಿಯನ್ಸ್ ಬೀಜ ಹಾಕಿಸಿ ನೋಡಿತು. ಬೆಳೆ ಬಂತು, ರೈತರೂ ಹಿಡಿದರು. ಆದರೆ ಈ ಹತ್ತಿ ಬೀಜಕ್ಕೆ ಬಿಗಿಯಾಗಿ ಅಂಟಿಕೊಂಡಿರುತ್ತದೆ. ನಮ್ಮ ಹೆಂಗಸರು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಹರಡಿ, ಕಬ್ಬಿಣದ ಸರಳನ್ನು ಪಾದದಿಂದ ಉರುಳಿಸಿ ಬೀಜ ಬಿಡಿಸುತ್ತಿದ್ದರು. ಹೊಸ ಹತ್ತಿಗೆ ಅದು ನಡೆಯಲಿಲ್ಲ. ಗರಗಸದ ಹಲ್ಲಿನ ಯಂತ್ರ ಬೇಕಾಯಿತು, ಅದರ ತಯಾರಿಗೂ ರಿಪೇರಿಗೂ ಧಾರವಾಡದಲ್ಲಿ ಸರ್ಕಾರಿ ಕಾರ್ಖಾನೆ ನಡೆಯಿತು. ಬೀಜ ಬದಲಾದದ್ದರಿಂದ ಮನೆಯಂಗಳದ ಕೆಲಸ ಯಂತ್ರದ ಮಾಲೀಕನ ಕೈಗೆ ಹೋಯಿತು. ವಸಾಹತು ಆಡಳಿತ ಬದುಕಿನೊಳಗೆ ಹೊಕ್ಕ ರೀತಿ ಇದು. ಕೋವಿ ಹಿಡಿದವನು ಅಲ್ಲಿ ಒಬ್ಬನೂ ಇರಲಿಲ್ಲ.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಅಲ್ಲಿಯ ಹತ್ತಿ ನಿಂತಿತು. ಮ್ಯಾಂಚೆಸ್ಟರಿಗೆ ಧಾರವಾಡದ ಹತ್ತಿ ತುರ್ತಾಗಿ ಬೇಕಾಯಿತು. ಕಾರವಾರವನ್ನು ಬಂದರು ಮಾಡಿ ಘಟ್ಟದ ರಸ್ತೆ ಕಡಿಯಬೇಕು ಎಂದು ಗಿರಣಿಯವರ ಒತ್ತಾಯ. ಧಾರವಾಡ ಮುಂಬಯಿ ಪ್ರಾಂತದಲ್ಲಿ, ಕಾರವಾರ ಮದ್ರಾಸು ಪ್ರಾಂತದಲ್ಲಿ, ಎರಡು ಸರ್ಕಾರಗಳ ನಡುವೆ ಕೆಲಸ ಮುಂದೆ ಸಾಗದು. ಪರಿಹಾರ ಸುಲಭವಾಗಿ ಸಿಕ್ಕಿತು. 1862ರಲ್ಲಿ ಉತ್ತರ ಕೆನರಾವನ್ನು ಮದ್ರಾಸಿನಿಂದ ಕಿತ್ತು ಮುಂಬಯಿಗೆ ಸೇರಿಸಿದರು. ದಕ್ಷಿಣ ಕೆನರಾ ಮದ್ರಾಸಿನಲ್ಲೇ ಉಳಿಯಿತು. ಕನ್ನಡ ಕರಾವಳಿಯ ಎರಡು ತುಂಡುಗಳು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಹೊನ್ನಾವರದವರನ್ನಾಗಲೀ ಕುಂದಾಪುರದವರನ್ನಾಗಲೀ ಈ ವಿಷಯದಲ್ಲಿ ಯಾರೂ ಕೇಳಲಿಲ್ಲ. ವಸಾಹತು ಎಂದರೇನು ಎಂದು ನನ್ನನ್ನು ಕೇಳಿದರೆ ನಾನು ಹೇಳುವ ಉದಾಹರಣೆ ಇದೇ: ಏಳೆಂಟು ಸಾವಿರ ಕಿಲೋಮೀಟರ್ ಆಚೆಯ ಗಿರಣಿಗಳ ಅವಸರಕ್ಕೆ ನಿಮ್ಮ ಜಿಲ್ಲೆಯ ಗಡಿ ಸರಿಯುವುದು, ನೀವು ಅದನ್ನು ತಿಳಿಯುವ ಹೊತ್ತಿಗೆ ಎಲ್ಲ ಮುಗಿದಿರುವುದು.

ಯುದ್ಧದ ವರ್ಷಗಳಲ್ಲಿ ಬೆಲೆ ಗಗನಕ್ಕೇರಿತು. ರೈತರು ದುಡ್ಡು ನೋಡಿದರು, ಅದನ್ನು ಮುಚ್ಚಿಡಬಾರದು. ಜೋಳದ ಹೊಲಗಳಲ್ಲೂ ಹತ್ತಿ ಎದ್ದಿತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಕಂದಾಯ ಮಾತ್ರ ನಗದಿನಲ್ಲಿ, ನಿಗದಿಯಾದ ಕಿಸ್ತಿಗೆ ಕಟ್ಟಲೇಬೇಕು. ಸಾಹುಕಾರನ ಬಾಗಿಲಿಗೆ ಹೋಗುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಕಂಪನಿಗೆ ಮುಂಚಿನ ದೊರೆಗಳೂ ಕಂದಾಯ ಹಿಂಡಿದವರೇ, ಸಾಹುಕಾರ ಆಗಲೂ ಇದ್ದ. ಆದರೆ ಸಾಲ ತೀರದಿದ್ದರೆ ಹೊಲವನ್ನು ಹರಾಜು ಹಾಕಿಸಿಕೊಳ್ಳುವ ಬಲ ಅವನಿಗೆ ಈ ಪ್ರಮಾಣದಲ್ಲಿ ಸಿಕ್ಕಿದ್ದು ಹೊಸ ಕೋರ್ಟುಗಳಿಂದ. 1875ರಲ್ಲಿ ಪುಣೆ, ಅಹಮದ್‌ನಗರದ ಕಡೆ ರೈತರು ಸಾಹುಕಾರರ ಮನೆಗೆ ನುಗ್ಗಿ ಮೊದಲು ಸುಟ್ಟದ್ದು ಸಾಲದ ಪತ್ರಗಳನ್ನು.

ಆ ಹೊತ್ತಿಗೇ ಮಳೆ ಕೈಕೊಟ್ಟಿತು. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಆಗ ಬ್ರಿಟಿಷ್ ಕಮಿಷನರ ನೇರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು. 1881ರಲ್ಲಿ ಅದು 42 ಲಕ್ಷಕ್ಕೂ ಕಡಿಮೆ. ಮಳೆ ನಿಲ್ಲಿಸಿದವರು ಬ್ರಿಟಿಷರಲ್ಲ. ಆದರೆ ದೇಶದೊಳಗೆ ಹಸಿವಿದ್ದಾಗಲೂ ಧಾನ್ಯದ ರಫ್ತು ನಿಲ್ಲಲಿಲ್ಲ, ವ್ಯಾಪಾರಕ್ಕೆ ಕೈಹಾಕಬಾರದು ಎಂಬುದು ಸರ್ಕಾರದ ಸಿದ್ಧಾಂತವಾಗಿತ್ತು. ಖರ್ಚು ಕಡಿತಗೊಳಿಸಲು ವೈಸರಾಯ್ ಲಿಟ್ಟನ್ ಕಳಿಸಿದ ರಿಚರ್ಡ್ ಟೆಂಪಲ್, ಪರಿಹಾರ ಕಾಮಗಾರಿಯಲ್ಲಿ ಕಲ್ಲು ಒಡೆಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್, ಅಂದರೆ 450 ಗ್ರಾಂ ಧಾನ್ಯ ಮತ್ತು ಮೇಲೆ ಒಂದಿಷ್ಟು ಚಿಲ್ಲರೆ ಸಾಕು ಎಂದು ತೀರ್ಮಾನಿಸಿದ. 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ವಿಕ್ಟೋರಿಯಾಳನ್ನು ಚಕ್ರವರ್ತಿನಿ ಎಂದು ಸಾರಿದ್ದು ಈ ಬರದ ನಡುವೆಯೇ. 1881ರಲ್ಲಿ ಸಂಸ್ಥಾನವನ್ನು ಅರಸರಿಗೆ ಮರಳಿಸಿದಾಗ ಅದರ ತಲೆಯ ಮೇಲೆ 80 ಲಕ್ಷ ರೂಪಾಯಿಯ ಬರದ ಸಾಲವಿತ್ತು. ಜನ ಸತ್ತದ್ದೂ ಇಲ್ಲಿ, ಸಾಲ ತೀರಿಸಬೇಕಾದ್ದೂ ಇಲ್ಲಿ.

ಚಕ್ಕಡಿಯ ಹುಡುಗನ ಮಾತಿಗೆ ಬರುತ್ತೇನೆ. ರೈಲಿನಿಂದ ನಮಗೆ ಉಪಯೋಗವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ದಾನವಲ್ಲ. ಮೊದಲ ರೈಲು ಕಂಪನಿಗಳಲ್ಲಿ ಹಣ ಹೂಡಿದ ಇಂಗ್ಲೆಂಡಿನವರಿಗೆ, ರೈಲು ನಷ್ಟದಲ್ಲಿ ಓಡಿದರೂ ವರ್ಷಕ್ಕೆ ಶೇ. 5 ಬಡ್ಡಿ ಖಾತರಿ ಎಂದು ಸರ್ಕಾರ ಕರಾರು ಮಾಡಿಕೊಂಡಿತ್ತು. ಕೊರತೆ ತುಂಬಿದ್ದು ಭಾರತದ ತೆರಿಗೆಯಿಂದ. ಎಷ್ಟು ಖರ್ಚಾದರೂ ಬಡ್ಡಿ ಸಿಗುತ್ತದೆ ಅಂದಮೇಲೆ ಮಿತವ್ಯಯದ ಗೊಡವೆ ಯಾರಿಗೆ? ಜಪಾನ್ ಯಾರ ವಸಾಹತೂ ಆಗಿರಲಿಲ್ಲ. ಲಂಡನ್ನಿನಲ್ಲಿ ಸಾಲ ಎತ್ತಿ, ಇಂಗ್ಲಿಷ್ ಎಂಜಿನಿಯರುಗಳನ್ನು ಸಂಬಳಕ್ಕಿಟ್ಟುಕೊಂಡು 1872ರಲ್ಲಿ ತನ್ನ ಮೊದಲ ರೈಲು ಓಡಿಸಿತು. ರೈಲು ಬರಬೇಕಾದರೆ ಗುಲಾಮಗಿರಿಯೂ ಜೊತೆಗೆ ಬರಲೇಬೇಕೆಂದಿಲ್ಲ ಎನ್ನುವುದಕ್ಕೆ ಆ ಹುಡುಗನಿಗೆ ಇಷ್ಟು ಸಾಕು.

ವಾಟ್ಸ್‌ಆ್ಯಪ್ ಸಂದೇಶದ ಹುಡುಗಿಯ ಕೋಪ ನ್ಯಾಯವಾದದ್ದು, ಸಾಕ್ಷ್ಯ ಸಡಿಲ. 45 ಟ್ರಿಲಿಯನ್ ಎಂಬುದು ಅರ್ಥಶಾಸ್ತ್ರಜ್ಞೆ ಉತ್ಸಾ ಪಟ್ನಾಯಕ್ ಅವರ ಲೆಕ್ಕ. 1765ರಿಂದ 1938ರವರೆಗೆ ಆಮದಿಗಿಂತ ಹೆಚ್ಚಾಗಿದ್ದ ಭಾರತದ ರಫ್ತಿಗೆ ಬರಬೇಕಾಗಿದ್ದು ಬಾರದ ಹಣವನ್ನು ಅಂದಾಜಿಸಿ, ಇತ್ತೀಚಿನವರೆಗೆ ಶೇ. 5ರ ಚಕ್ರಬಡ್ಡಿ ಹಾಕಿದರೆ ಆ ಮೊತ್ತ ಬರುತ್ತದೆ. ಬಡ್ಡಿದರ ಬದಲಾದರೆ ಮೊತ್ತವೂ ವಿಪರೀತ ಬದಲಾಗುತ್ತದೆ. ಅವರು ತೋರಿಸುವ ಸೋರಿಕೆ ನಿಜ, ಸಂಖ್ಯೆಯನ್ನು ಮಾತ್ರ ತಕ್ಕಡಿಯಲ್ಲಿ ತೂಗಿದ್ದೆಂದು ತಿಳಿಯಬಾರದು. ನಾನಾದರೆ ಕಪ್ಪುಹಲಗೆಯ ಮೇಲೆ ಬೇರೆ ಸಂಖ್ಯೆ ಬರೆಯುತ್ತೇನೆ. 1833ರಲ್ಲಿ ಸಂಸತ್ತು ಕಂಪನಿಯ ವ್ಯಾಪಾರ ನಿಲ್ಲಿಸಿತು. ಆದರೂ ಪಾಲುದಾರರಿಗೆ ವರ್ಷಕ್ಕೆ ಶೇ. 10.5 ಲಾಭಾಂಶ, ಅಂದರೆ 6,30,000 ಪೌಂಡ್, ಭಾರತದ ಕಂದಾಯದಿಂದ ಕೊಡಬೇಕೆಂದು ಕಾನೂನು ಮಾಡಿತು. 1874ರವರೆಗೂ ಅದು ಹೋಗುತ್ತಲೇ ಇತ್ತು. 1857ರ ಬಂಡಾಯ ಅಡಗಿಸಿದ ಖರ್ಚನ್ನೂ ಭಾರತದ ಸಾಲಕ್ಕೆ ಬರೆದರು. ನರಗುಂದದ ಬಾಬಾಸಾಹೇಬ, ಹಲಗಲಿಯ ಬೇಡರು ನಿಮ್ಮ ಸುತ್ತಮುತ್ತಲಿನವರೇ. ಅವರ ಊರು ಸುಟ್ಟ ಖರ್ಚು ಅವರ ಮಕ್ಕಳ ಹೊಲದ ಕಂದಾಯದಿಂದ ಹೋಯಿತು.

ಹೆಬ್ಬೆರಳಿನ ಕಥೆಗೂ ಒಂದು ಮೂಲವಿದೆ, ಅದು ನಾವು ಕೇಳಿದ ಹಾಗಿಲ್ಲ. ಕಂಪನಿಯ ಗುಮಾಸ್ತರು ಬಲವಂತದಿಂದ ದುಡಿಸಿಕೊಳ್ಳುತ್ತಿದ್ದುದಕ್ಕೆ ಬೇಸತ್ತ ಬಂಗಾಳದ ರೇಷ್ಮೆ ನೂಲು ಸುತ್ತುವವರು ತಮ್ಮ ಹೆಬ್ಬೆರಳನ್ನು ತಾವೇ ಕತ್ತರಿಸಿಕೊಂಡರು ಎಂದು ವಿಲಿಯಂ ಬೋಲ್ಟ್ಸ್ ಎಂಬ ವ್ಯಾಪಾರಿ 1772ರಲ್ಲಿ ಬರೆದ. ನನಗೆ ಇದು ಪ್ರಚಲಿತ ಕಥೆಗಿಂತ ಹೆಚ್ಚು ಭಯಂಕರವಾಗಿ ಕಾಣುತ್ತದೆ. ಮಗ್ಗಗಳೆಲ್ಲ ಸತ್ತವು ಎಂಬುದೂ ಪೂರ್ತಿ ಸರಿಯಲ್ಲ. ಇಳಕಲ್, ಗುಳೇದಗುಡ್ಡ, ನಿಮ್ಮ ಬೆಟಗೇರಿಯ ಮಗ್ಗಗಳು ಉಳಿದವು, ಸೀರೆ ಮತ್ತು ಖಣದಲ್ಲಿ ಗಿರಣಿಗಳು ಅವರಿಗೆ ಸರಿಗಟ್ಟಲಿಲ್ಲ. ಮುಳುಗಿದವರಲ್ಲಿ ಮೊದಲಿಗರು ಮನೆಯಲ್ಲಿ ನೂಲುತ್ತಿದ್ದ ಹೆಂಗಸರು. ಗಿರಣಿ ನೂಲು ಬಂದು ಅವರ ಕೈಗಳಿಕೆ ಹೋಯಿತು. ವಿಧವೆಯರಿಗೆ ಎಷ್ಟೋ ಕಡೆ ಅದೊಂದೇ ಆಸರೆ. ಅವರ ಬಗ್ಗೆ ಯಾವ ಸಂದೇಶವೂ ಓಡಾಡುವುದಿಲ್ಲ.

ಇನ್ನು ಮೂರನೆಯವಳಾಗಿ ಎದ್ದ, ದಲಿತ ಕುಟುಂಬದ ಆ ಹುಡುಗಿ. ಅವಳ ಅಪ್ಪನ ಮಾತನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. ಸೈನ್ಯ, ಮಿಷನ್ ಶಾಲೆಗಳು, ಆಮೇಲೆ ಸರ್ಕಾರಿ ಶಾಲೆಗಳು ದಲಿತರಿಗೆ ತೆರೆದ ಸಂದುಗಳು ನಿಜವಾದವು. ಅಂಬೇಡ್ಕರ್ ಅವರ ತಂದೆ ಬ್ರಿಟಿಷ್ ಸೈನ್ಯದಲ್ಲಿದ್ದವರು. ಹಳೆಯ ವ್ಯವಸ್ಥೆ ಅವರಿಗೆ ಸ್ವರ್ಗವಾಗಿತ್ತೆಂದು ನಟಿಸುವ ದೇಶಪ್ರೇಮ ಸುಳ್ಳು. ಆದರೆ ಬಾಗಿಲು ತಾನಾಗಿ ತೆರೆಯಲಿಲ್ಲ. 1856ರಲ್ಲಿ ನಿಮ್ಮದೇ ಹಳೆಯ ಜಿಲ್ಲಾ ಕೇಂದ್ರ ಧಾರವಾಡದ ಸರ್ಕಾರಿ ಶಾಲೆಗೆ ಮಹಾರ್ ಹುಡುಗನೊಬ್ಬ ಸೇರಲು ಬಂದ. ಶಾಲೆ ಸೇರಿಸಿಕೊಳ್ಳಲಿಲ್ಲ. ಅವನು ಮುಂಬಯಿ ಸರ್ಕಾರಕ್ಕೇ ಅರ್ಜಿ ಹಾಕಿದ. ಒಬ್ಬನಿಗಾಗಿ ಉಳಿದವರೆಲ್ಲ ಶಾಲೆ ಬಿಡುವಂತಾಗಬಾರದು ಎಂದು ಸರ್ಕಾರವೂ ಕೈಚೆಲ್ಲಿತು. ಆ ಅರ್ಜಿ ಎಬ್ಬಿಸಿದ ಚರ್ಚೆ ಲಂಡನ್ನಿನವರೆಗೂ ಹೋಗಿ, ಸರ್ಕಾರಿ ಶಾಲೆಗಳು ಎಲ್ಲರಿಗೂ ಮುಕ್ತ ಎಂಬ ತತ್ವವನ್ನು 1858ರಲ್ಲಿ ಕಂಪನಿ ನಿರ್ದೇಶಕರು ಎತ್ತಿಹಿಡಿದರು. ಕಾಗದದ ಮೇಲಿನ ಆ ಮಾತು ಊರೂರಿನ ಶಾಲೆಗೆ ಇಳಿಯಲು ಹಲವು ತಲೆಮಾರು ಬೇಕಾದವು. ಆಳುವವರಿಗೆ ಮೇಲ್ಜಾತಿಯವರ ಸಹಕಾರ ಬೇಕಿತ್ತು, ನ್ಯಾಯ ಆಮೇಲಿನ ಮಾತು. ಆ ಹುಡುಗಿಗೆ ಈ ಪ್ರಸಂಗ ಹೇಳಿ. ಬಾಗಿಲು ತಟ್ಟಿದವನು ಒಬ್ಬ ಹುಡುಗ, ಅರ್ಜಿ ಬರೆದವನು ಅವನೇ ಎಂಬುದು ಅವಳಿಗೆ ಗೊತ್ತಾಗಲಿ.

ಮುಂದಿನ ವರ್ಷದ ಮಾತು. ಚರ್ಚಾ ಸ್ಪರ್ಧೆಯನ್ನು ಹಾಗೇ ಇಟ್ಟುಕೊಳ್ಳಬಹುದು, ಮಕ್ಕಳಿಗೆ ಹುರುಪು ಬರುತ್ತದೆ. ಅಪಾಯವೇನೆಂದರೆ 80 ಲಕ್ಷದ ಸಾಲವನ್ನೂ ಒಂದು ಅಂಚೆ ಕಚೇರಿಯನ್ನೂ ಎರಡು ತಟ್ಟೆಯಲ್ಲಿಟ್ಟು ಅಂಕ ಹಾಕಬೇಕಾಗುತ್ತದೆ. ಇಡೀ ಪಾಠವನ್ನು ಲೂಟಿಯ ಕಥೆಯಾಗಿ ಹೇಳಬಹುದು, ಪರೀಕ್ಷೆಗೆ ಸುಲಭ. ಆಗ ಸಾಹುಕಾರ, ಅಮಲ್ದಾರ, ಶಾಲೆಯ ಹೊಸ್ತಿಲಲ್ಲಿ ಹುಡುಗನನ್ನು ತಡೆದವರು ಎಲ್ಲರೂ ಕಣ್ಮರೆಯಾಗುತ್ತಾರೆ, ದಲಿತ ಕುಟುಂಬದ ಆ ಹುಡುಗಿ ಮತ್ತೆ ಬಾಯಿ ತೆರೆಯುವುದಿಲ್ಲ. ನನ್ನ ಒಲವು ಮೂರನೇ ದಾರಿಗೆ: ಒಂದು ವಸ್ತು ಹಿಡಿದು ಬೆನ್ನಟ್ಟುವುದು. ಹತ್ತಿ ಆಗಬಹುದು, ಊರಿನ ರೈಲು ನಿಲ್ದಾಣ, ಕೆರೆ, ಶಾಲೆ ಆಗಬಹುದು. ಮಕ್ಕಳು ಗುಂಪಾಗಿ ಮೇಲಿನ ಪ್ರಶ್ನೆಗಳನ್ನೇ ಕೇಳಿ ಉತ್ತರ ಹುಡುಕಲಿ. ಇದಕ್ಕೆ ಸಮಯ ಹಿಡಿಯುತ್ತದೆ, ಪಠ್ಯಕ್ರಮ ಹಿಂದೆ ಬೀಳುವ ಭಯ ನಿಜ. ಎಲ್ಲ ಗುಂಪಿಗೂ ಬೇರೆ ಬೇರೆ ವಸ್ತು ಕೊಡುವ ಬದಲು ಒಂದೇ ವಸ್ತುವನ್ನು ಇಡೀ ತರಗತಿಗೆ ಕೊಟ್ಟರೆ ನಾಲ್ಕೈದು ಪೀರಿಯಡ್‌ನಲ್ಲಿ ಮುಗಿಸಬಹುದು.

ಸಾಮಗ್ರಿಗೆ ದೂರ ಹೋಗಬೇಕಿಲ್ಲ. ಮುಂಬಯಿ ಸರ್ಕಾರ 1884ರಲ್ಲಿ ಹೊರತಂದ ಧಾರವಾಡ ಜಿಲ್ಲೆಯ ಗ್ಯಾಸೆಟಿಯರ್‌ನಲ್ಲಿ ಹತ್ತಿ, ಬರ, ಸಾಲ, ಮಗ್ಗ ಎಲ್ಲದರ ವಿವರವಿದೆ. ಅದು ಆಳುವವರು ತಮಗಾಗಿ ಬರೆಸಿಕೊಂಡ ಪುಸ್ತಕ ಎಂಬುದನ್ನು ಮಾತ್ರ ಓದುವಾಗಲೆಲ್ಲ ನೆನಪಿಸಿ. ತಾಲ್ಲೂಕು ಕಚೇರಿಯ ಹಳೆಯ ಜಮೀನು ದಾಖಲೆಗಳನ್ನು ನೋಡುವ ಮನಸ್ಸಿದ್ದರೆ ಮುಖ್ಯೋಪಾಧ್ಯಾಯರ ಪತ್ರ ಹಿಡಿದು ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ. ಯಾವ ಮನೆತನದ ಹೊಲ ಯಾರ ಸಾಲಕ್ಕೆ ಹೋಯಿತು, ಯಾರ ಇನಾಮು ಉಳಿಯಿತು ಎಂಬುದೆಲ್ಲ ಅದರಲ್ಲಿ ಹೆಸರು ಸಮೇತ ಇರುತ್ತದೆ, ಆ ಮನೆತನಗಳ ಮಕ್ಕಳು ನಿಮ್ಮ ತರಗತಿಯಲ್ಲೇ ಕುಳಿತಿರಬಹುದು. ಹೆಸರುಗಳನ್ನು ಬಿಟ್ಟು, ಎಕರೆ, ಆಕಾರ (ಹೊಲಕ್ಕೆ ಕಟ್ಟಿದ ಕಂದಾಯ), ಕಿಸ್ತಿನ ತಿಂಗಳು ಇಷ್ಟನ್ನೇ ಬರೆದುಕೊಂಡು ಬಂದು ಮಕ್ಕಳ ಮುಂದಿಡಿ. ಜನವರಿಯಲ್ಲಿ ಕಿಸ್ತು, ಮಾರ್ಚಿನಲ್ಲಿ ಹತ್ತಿ ಬಿಡಿಸುವುದು ಎಂದಿದ್ದರೆ ನಡುವಿನ ಎರಡು ತಿಂಗಳು ರೈತ ಏನು ಮಾಡಿರಬೇಕು ಎಂದು ಕೇಳಿ. ಹೊಲದ ಮನೆಯ ಮಕ್ಕಳು ನಿಮಗಿಂತ ಮೊದಲೇ ಉತ್ತರ ಹೇಳುತ್ತಾರೆ.